ನಡುಸೇತುವೆಯ ಕಾನೂನು

ಬೀದಿಯ ಮೂಲೆಯಲ್ಲಿ ಗಾಂಜಾ ಅಂಗಡಿ ಬಾಗಿಲು ತೆರೆದ ದಿನ, ಸೇತುವೆ ಎತ್ತುವವನ ಮಗಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿ ಮನೆ ಕಡೆ ಬರುವ ಹೊತ್ತಿಗೆ ಅರ್ಧ ಬೀದಿ ಅಲ್ಲಿ ಸಾಲು ನಿಂತಿತ್ತು. ಹಾಲಿನವನಿದ್ದ, ಬೀಗ ರಿಪೇರಿಯವನಿದ್ದ, ನಿವೃತ್ತರಾದ ಲೆಕ್ಕದ ಮೇಷ್ಟ್ರಿದ್ದರು. ಮೇಷ್ಟ್ರು ಗುರುತಿನ ಚೀಟಿಯನ್ನು ಎದೆಯ ಮಟ್ಟಕ್ಕೆ ಹಿಡಿದುಕೊಂಡು, ವೋಟು ಹಾಕಲು ಬಂದವರ ಗಾಂಭೀರ್ಯದಲ್ಲಿ ನಿಂತಿದ್ದರು.

"ಏನಮ್ಮ, ಸಾಲಿಗೆ ಬರಲ್ವಾ?" ಎಂದ ಬೀಗದವನು. "ಹತ್ತೊಂಬತ್ತು ದಾಟಿದೋರಿಗೆಲ್ಲ ಕೊಡ್ತಾರಂತೆ. ನೀನು ದಾಟಿದೀಯ ತಾನೇ?"

ಸಾಲು ಗೊಳ್ಳೆಂದು ನಕ್ಕಿತು. ನಕ್ಕಾದ ಮೇಲೆ ಅವರಿಗೇ ನೆನಪಾಯಿತು, ಇವಳ ಗಂಡ ಎಲ್ಲಿದ್ದಾನೆ ಎನ್ನುವುದು. ನಗು ಅರ್ಧಕ್ಕೇ ಉಡುಗಿ ಹೋಯಿತು. ಮೇಷ್ಟ್ರು ಕೆಮ್ಮಿದರು. ಬೀಗದವನು ತನ್ನ ಚಪ್ಪಲಿಯನ್ನು ನೋಡಿಕೊಂಡ.

ಮಗಳು ಅಂಗಡಿಯ ಗಾಜನ್ನು ನೋಡಿದಳು. ಅಲ್ಲಿ ಅಂಗೈಯಷ್ಟಗಲದ ತಗಡಿನ ಡಬ್ಬಿಗಳನ್ನು ಗೋಪುರದಂತೆ ಪೇರಿಸಿಟ್ಟಿದ್ದರು. ಗಾಂಜಾ ಕಲಸಿದ ಕೀಲುನೋವಿನ ಮುಲಾಮು. ಅಂಥದೇ ಒಂದು ಡಬ್ಬಿಗೆ ಅವಳ ಗಂಡ ಇಪ್ಪತ್ತು ತಿಂಗಳಿಂದ ಕೇಂದ್ರ ಸೆರೆಮನೆಯಲ್ಲಿದ್ದ. ಒಂದೇ ಒಂದು ಡಬ್ಬಿಗೆ. ಗೋಪುರದಲ್ಲಿ ಎಷ್ಟಿವೆ ಎಂದು ಅವಳು ಎಣಿಸಲು ಹೋಗಲಿಲ್ಲ. ಮನೆಗೆ ನಡೆದಳು.

ಮನೆಯೆಂದರೆ ಸೇತುವೆಯ ಬುಡದಲ್ಲಿದ್ದ ಮೂರು ಕೋಣೆಯ ಕ್ವಾರ್ಟರ್ಸು. ಅವಳ ಅಪ್ಪ ಜಲಸಾರಿಗೆ ಇಲಾಖೆಯಲ್ಲಿ ಸೇತುವೆ ಎತ್ತುವವನು. ಹಡಗು ಬಂದಾಗ ಗಂಟೆ ಹೊಡೆದು, ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿ, ನಡುಸೇತುವೆಯ ಗೂಡಿನಲ್ಲಿ ಕೂತು ಸೇತುವೆಯ ಎದೆಯನ್ನು ಮೇಲಕ್ಕೆತ್ತಿ, ಹಡಗು ದಾಟಿದ ಮೇಲೆ ಇಳಿಸುವುದು ಅವನ ಕೆಲಸ. ಮೂವತ್ತಾರು ವರ್ಷದಲ್ಲಿ ಒಂದು ನಿಮಿಷ ಹಿಂದೆ ಮುಂದೆ ಆದದ್ದಿಲ್ಲ. ಬೀದಿಯವರು ಅವನನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ನಿವೃತ್ತಿಗೆ ಇನ್ನು ಐದು ವಾರ ಉಳಿದಿತ್ತು.

ರಾತ್ರಿ ಊಟಕ್ಕೆ ಬೇಯಿಸಿದ ಆಲೂಗಡ್ಡೆ, ಬೇಳೆ, ರೊಟ್ಟಿ. ಅಮ್ಮನ ರೊಟ್ಟಿಯನ್ನು ಮಗಳು ಚೂರು ಮಾಡಿ ತಟ್ಟೆಗೆ ಹಾಕಿದಳು. ಅಮ್ಮನ ಬೆರಳುಗಳು ಗಂಟುಗಂಟಾಗಿ ಮಡಿಚಿಕೊಂಡು ವರ್ಷಗಳಾಗಿದ್ದವು. ಚಮಚ ಹಿಡಿಯಬಲ್ಲಳು, ರೊಟ್ಟಿ ಹರಿಯಲಾರಳು, ಪೆನ್ನಂತೂ ದೂರದ ಮಾತು.

"ಅಂಗಡಿ ಶುರುವಾಯ್ತು ತಾತ," ಎಂದಳು ಮೊಮ್ಮಗಳು. ಇಪ್ಪತ್ತು ವರ್ಷದ ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ವಕೀಲೆ ಎಂದು. ಕಾನೂನು ಓದಿದವಳಲ್ಲ, ದರ್ಜಿಯ ಬಳಿ ಗುಂಡಿ ಹಚ್ಚುವವಳು. ಆದರೆ ತನ್ನ ಅಪ್ಪ ಜೈಲಿಗೆ ಹೋದಾಗಿನಿಂದ ಕಾನೂನಿನ ಒಂದೊಂದು ಅಕ್ಷರವನ್ನೂ ಹುಡುಕಿ ಹುಡುಕಿ ಓದಿದ್ದಳು. "ನಮ್ಮ ಪ್ರಾಂತ್ಯದಲ್ಲಿ ಹತ್ತೊಂಬತ್ತು ತುಂಬಿದ್ರೆ ಸಾಕು. ಆದ್ರೆ ಗಿಡ ಬೆಳೆಸೋ ಹಾಗಿಲ್ಲ, ಅಂಗಡೀಲೇ ಕೊಳ್ಬೇಕು. ಆ ದಡದ ಪ್ರಾಂತ್ಯದಲ್ಲಿ ಇಪ್ಪತ್ತೊಂದು ತುಂಬಿರ್ಬೇಕು, ಆದ್ರೆ ಮನೇಲಿ ನಾಲ್ಕು ಗಿಡ ಇಟ್ಕೋಬಹುದು. ನಡುವೆ ಸೇತುವೆ ಕೇಂದ್ರದ್ದು, ಅಲ್ಲಿ ಹಣ್ಣು ಮುದುಕರಿಗೂ ಇಲ್ಲ. ಅಂದ್ರೆ ಏನಾಯ್ತು? ನಾನು ಈ ದಡದಲ್ಲಿ ದೊಡ್ಡೋಳು, ಆ ದಡದಲ್ಲಿ ಮಗು, ನಡುವೆ ಕಳ್ಳಿ!"

ಅಮ್ಮ ನಕ್ಕಳು. ಅಪ್ಪ ನಗಲಿಲ್ಲ.

"ಸೇತುವೆ ಇರೋದು ನಾನೂರ ಹನ್ನೆರಡು ಹೆಜ್ಜೆ," ಎಂದ ಅವನು, ಆಲೂಗಡ್ಡೆಯನ್ನು ಸರಿಯಾಗಿ ನಾಲ್ಕು ಭಾಗ ಮಾಡುತ್ತ. "ಅಷ್ಟು ದೂರ ಕೈ ಬೀಸ್ಕೊಂಡು ನಡೆಯೋಕಾಗ್ದೆ ಇರೋರಿಗೆ ಮಾತ್ರ ತೊಂದರೆ."

ಬಡಿಸುತ್ತಿದ್ದ ಮಗಳ ಸೌಟು ಗಾಳಿಯಲ್ಲೇ ನಿಂತಿತು. "ಇನ್ನೊಂಚೂರು ಬೇಳೆ ಹಾಕ್ಲಾ ನಿಮಗೆ?" ಎಂದಳು.

ಅವಳು ಅಪ್ಪನನ್ನು ಹುಟ್ಟಿದಾಗಿನಿಂದ ಏಕವಚನದಲ್ಲಿ ಕರೆದವಳು. ಗಂಡ ಸೆರೆಗೆ ಹೋದ ದಿನದಿಂದ 'ನೀವು' ಎನ್ನುತ್ತಿದ್ದಳು, ಆಫೀಸಿನ ಕಿಟಕಿಯ ಆಚೆ ಕೂತವರಿಗೆ ಹೇಳುವ ಹಾಗೆ. ಅಪ್ಪ ಅದನ್ನು ಗಮನಿಸಿದ್ದ. ಆ ಬಗ್ಗೆ ಒಮ್ಮೆಯೂ ಮಾತೆತ್ತಿರಲಿಲ್ಲ.

ನಡೆದದ್ದು ಇಷ್ಟೇ. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ಆಗ ಮುಲಾಮು ಸಿಗುತ್ತಿದ್ದದ್ದು ಆ ದಡದಲ್ಲಿ ಮಾತ್ರ. ಅತ್ತೆ ಕೈನೋವಿಗೆ ರಾತ್ರಿಯೆಲ್ಲ ನರಳುವುದನ್ನು ಕೇಳಲಾರದೆ, ಕೆಲಸಕ್ಕೆ ಹೋದವನು ಒಂದು ಡಬ್ಬಿ ಕೊಂಡು, ಸೇತುವೆಯ ಮೇಲೆ ನಡೆದು ಬರುತ್ತ, ನಡುವೆ ಮಾವನ ಗೂಡಿನ ಹತ್ತಿರ ನಿಂತ. ಜೇಬಿನಿಂದ ಡಬ್ಬಿ ತೆಗೆದು, ಹಲ್ಲು ಬಿಟ್ಟುಕೊಂಡು, "ಮಾವ, ಅತ್ತೆಗೆ ಸಿಕ್ತು ನೋಡಿ!" ಎಂದ. ಹೆಣ್ಣು ಕೊಟ್ಟ ಮಾವನಿಗೆ ಹೇಳಿದೆ ಎಂದುಕೊಂಡಿದ್ದ. ಕೇಳಿಸಿಕೊಂಡದ್ದು ಇಲಾಖೆಯ ನೌಕರ. ಅಪ್ಪ ಗಡಿಯಾರ ನೋಡಿದ, ಡ್ಯೂಟಿ ಪುಸ್ತಕ ತೆರೆದ, 'ನಾಲ್ಕು ನಲವತ್ತು, ಒಂದು ಡಬ್ಬಿ' ಎಂದು ಬರೆದ, ಕಾವಲು ಪಡೆಗೆ ಫೋನು ಮಾಡಿದ. ಅಳಿಯ ಡಬ್ಬಿ ಹಿಡಿದುಕೊಂಡು ಇನ್ನೂ ನಗುತ್ತಲೇ ನಿಂತಿದ್ದನಂತೆ.

ಪುಸ್ತಕದಲ್ಲಿ ಎಲ್ಲವನ್ನೂ ಬರೆದ ಅಪ್ಪ ಒಂದನ್ನು ಬಿಟ್ಟಿದ್ದ. 'ನನ್ನ ಹೆಂಡತಿಗಾಗಿ' ಎನ್ನುವುದನ್ನು. ಆ ಮಾತು ಇದ್ದಿದ್ದರೆ ಕಾಯಿಲೆಯವರ ಔಷಧಿ ಎಂದು ಆರು ತಿಂಗಳಲ್ಲಿ ಮುಗಿಯುತ್ತಿತ್ತು. ಇಲ್ಲದ್ದರಿಂದ ಸಾಗಾಣಿಕೆ ಎಂದಾಯಿತು, ಮೂರು ವರ್ಷವಾಯಿತು.

ಮಗಳು ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿಯುವಾಗ ಗಂಡನ ಬಿಡುಗಡೆಯನ್ನೇ ಕೇಳಬೇಕೆಂದು ಕಣ್ಣು ಮುಚ್ಚುತ್ತಿದ್ದಳು. ಬಾಯಿಗೆ ಮೊದಲು ಬರುತ್ತಿದ್ದದ್ದು ಬೇರೆಯೇ ಬೇಡಿಕೆ, ಅಪ್ಪನ ಬಗ್ಗೆ. ಅದನ್ನು ಹಿಂದಕ್ಕೆ ತಳ್ಳಿ ಇದನ್ನು ಮುಂದಕ್ಕೆ ತರುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಆ ವಾರವೇ ಅಮ್ಮ ಮೊಮ್ಮಗಳ ಕೈಯಲ್ಲಿ ಒಂದು ಡಬ್ಬಿ ತರಿಸಿಕೊಂಡಳು. ಅಪ್ಪ ಬಾಗಿಲಲ್ಲೇ ತಡೆದ.

"ಕ್ವಾರ್ಟರ್ಸ್ ಕೇಂದ್ರದ್ದು. ಹೊಸ್ತಿಲು ದಾಟೋ ಹಾಗಿಲ್ಲ."

"ಹಾಗಾದ್ರೆ ಅಜ್ಜಿ ಎಲ್ಲಿ ಹಚ್ಕೋಬೇಕು ತಾತ, ಆಕಾಶದಲ್ಲಾ?"

ಅಪ್ಪ ಯೋಚಿಸಿದ. ಒಳಗೆ ಹೋಗಿ ಮರದ ಕುರ್ಚಿ ಎತ್ತಿಕೊಂಡು ಬಂದು, ಮೆಟ್ಟಿಲು ಇಳಿದು, ಕಾಲುದಾರಿಯ ಕಲ್ಲಿನ ಮೇಲೆ ಇಟ್ಟ. ನಾಲ್ಕೂ ಕಾಲು ಕಲ್ಲಿನ ಮೇಲೆ ಬಂದಿವೆಯೇ ಎಂದು ಬಗ್ಗಿ ನೋಡಿದ. "ಕಾಲುದಾರಿ ನಗರಸಭೆದು. ನಗರಸಭೆ ಪ್ರಾಂತ್ಯದ್ದು. ಇಲ್ಲಿ ಕೂತು ಹಚ್ಕೊಳ್ಲಿ. ಡಬ್ಬಿ ದರ್ಜಿ ಅಂಗಡೀಲಿ ಇರ್ಲಿ. ಕೈ ತೊಳ್ಕೊಂಡು ಒಳಗೆ ಬರ್ಲಿ."

"ಚಳಿಗಾಲದಲ್ಲಿ?" ಎಂದಳು ಮೊಮ್ಮಗಳು.

"ಚಳಿಗಾಲದೊಳಗೆ ನಾನು ರಿಟೈರ್ ಆಗಿರ್ತೀನಿ."

ಆ ದಿನದಿಂದ ಅಮ್ಮ ಸಂಜೆಯಾದರೆ ಬೀದಿಯಲ್ಲಿ ಕೂತಳು, ಸಿಂಹಾಸನದಲ್ಲಿ ಕೂತ ಹಾಗೆ. ಹಾಲಿನವನು ಹೋಗುತ್ತ ಬರುತ್ತ ಸಲಾಮು ಹೊಡೆಯತೊಡಗಿದ. ಅಮ್ಮನಿಗೆ ಅದರಲ್ಲಿ ಸ್ವಲ್ಪ ಸುಖವೇ ಇತ್ತು.

ಎರಡನೆಯ ವಾರ ವಕೀಲರಿಂದ ಕರೆ ಬಂತು. ಇವರು ಕೋಟು ಹಾಕುವ ನಿಜವಾದ ವಕೀಲರು. ತಿಂಗಳ ಹತ್ತೊಂಬತ್ತಕ್ಕೆ ಬಿಡುಗಡೆಯ ಅರ್ಜಿ ವಿಚಾರಣೆಗೆ ಬರುತ್ತದೆ, ಅವಳ ತಂದೆ ಒಂದು ಹೇಳಿಕೆಗೆ ಸಹಿ ಹಾಕಿದರೆ ಕೆಲಸ ಆದ ಹಾಗೆಯೇ ಎಂದರು. ಡಬ್ಬಿ ಅತ್ತೆಗಾಗಿ ಎಂದು ಅಳಿಯ ಅವತ್ತೇ ಹೇಳಿದ್ದ, ತಾನು ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ, ಇಷ್ಟು ಸಾಕು. ಕಾಯಿಲೆಯ ದಾಖಲೆಗಳೆಲ್ಲ ಅವರ ನೌಕರಿಯ ಹೆಸರಿನಲ್ಲಿರುವುದರಿಂದ ಅವರ ಸಹಿಯೇ ಆಗಬೇಕು.

"ಅವರಿಗೆ ಏನಾಗುತ್ತೆ?" ಎಂದು ಮಗಳು ಕೇಳಿದಳು.

"ಒಂದು ಛೀಮಾರಿ ಪತ್ರ. ಮೂವತ್ತಾರು ವರ್ಷ ಸರ್ವಿಸ್ ಆದೋರಿಗೆ ಅದಕ್ಕಿಂತ ಹೆಚ್ಚೇನೂ ಮಾಡಲ್ಲ."

ಅವಳು ಅದನ್ನು ಊಟದ ಹೊತ್ತಿನಲ್ಲಿ ಹೇಳಿದಳು. ಅಪ್ಪ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಮೂವತ್ತನೇ ತಾರೀಖು ನನ್ನ ಕೊನೇ ದಿನ," ಎಂದ. "ಮೂವತ್ತೊಂದಕ್ಕೆ ಹಾಕ್ತೀನಿ ಸಹಿ. ಎಲ್ಲಿ ಬೇಕಾದ್ರೂ."

"ವಿಚಾರಣೆ ಹತ್ತೊಂಬತ್ತಕ್ಕೆ."

"ಹನ್ನೊಂದು ಹನ್ನೆರಡು ದಿನ ಮುಂದಕ್ಕೆ ಹಾಕೋಕೆ ಹೇಳು."

"ಅದು ಹಡಗಲ್ಲ ಅಪ್ಪ, ನೀವು ಗಂಟೆ ಹೊಡೆದಾಗ ನಿಲ್ಲೋಕೆ. ಇದು ತಪ್ಪಿದ್ರೆ ಮುಂದಿನದು ಎಂಟು ತಿಂಗಳಿಗೆ."

"ನನ್ನ ಸರ್ವಿಸ್ ಪುಸ್ತಕದಲ್ಲಿ ಇವತ್ತಿನವರೆಗೂ ಒಂದು ಕೆಂಪು ಶಾಯಿ ಗೆರೆ ಬಿದ್ದಿಲ್ಲ."

"ಆ ಪುಸ್ತಕ ಏನು ಕಲಿಸುತ್ತೆ ನಿಮಗೆ? ಅನ್ನ ಹಾಕುತ್ತಾ? ಕೈ ಹಿಡ್ಕೊಂಡು ನಡೆಸುತ್ತಾ?"

"ಅದೇ ಹಾಕಿದ್ದು ಅನ್ನ. ನಿನಗೂ ಹಾಕಿದೆ."

ಅಮ್ಮ ಚಮಚ ಕೆಳಗಿಟ್ಟಳು. "ರೀ, ಒಂದು ಸಹಿ ತಾನೇ. ನನ್ನ ಕೈ ನೆಟ್ಟಗಿದ್ದಿದ್ರೆ ನಾನೇ ಹಾಕ್ತಿದ್ದೆ."

"ನೀನು ಸುಮ್ನಿರು. ನಿನಗೋಸ್ಕರನೇ ಆಗಿದ್ದು ಇದೆಲ್ಲ."

ಅಮ್ಮ ಚಮಚವನ್ನು ಮತ್ತೆ ಎತ್ತಿಕೊಳ್ಳಲಿಲ್ಲ. ಮೊಮ್ಮಗಳು ತಟ್ಟೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಅಪ್ಪನ ಸಮವಸ್ತ್ರದ ಎರಡು ಅಂಗಿಗಳನ್ನು ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದದ್ದು ಮಗಳೇ. ಎಷ್ಟು ದ್ವೇಷವಿದ್ದರೂ ಆ ಕೆಲಸವನ್ನು ಬಿಟ್ಟಿರಲಿಲ್ಲ. ಸುಕ್ಕು ಕಂಡರೆ ಅವಳ ಕೈ ತಾನೇ ಹೋಗುತ್ತಿತ್ತು. ಮೂರನೆಯ ವಾರದ ಸೋಮವಾರ ಅಂಗಿಯ ತೋಳಿನ ಪಟ್ಟಿಯ ಮೇಲೆ ಬಿಸಿ ಇಸ್ತ್ರಿ ಒತ್ತಿದಾಗ ಹಸಿ ಹುಲ್ಲು, ಮೇಣ, ಕರ್ಪೂರ ಕಲಸಿದ ಘಮ ಎದ್ದಿತು. ಪಟ್ಟಿಯ ಒಳಮಗ್ಗುಲಲ್ಲಿ ಹಸಿರು ಮಿಶ್ರಿತ ಜಿಡ್ಡಿನ ಕಲೆ. ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ರಕ್ತ, ಅಯೋಡಿನ್, ಔಷಧಿಗಳ ಕಲೆ ನೋಡಿದವಳಿಗೆ ಕಲೆಯ ಜಾತಕ ಹೇಳುವುದು ಕಷ್ಟವಲ್ಲ. ಇನ್ನೊಂದು ಅಂಗಿಯನ್ನು ತೆಗೆದು ಮೂಸಿದಳು. ಅದರಲ್ಲೂ ಇತ್ತು.

ಮರುದಿನ ಅವಳು ಲಾಂಡ್ರಿಯಿಂದ ಬೇಗ ಬಂದು, ಎದುರು ಸಾಲಿನ ದರ್ಜಿ ಅಂಗಡಿಯೊಳಗೆ, ಗುಂಡಿ ಹಚ್ಚುವ ತನ್ನ ಮಗಳ ಪಕ್ಕ ಕೂತಳು. ಮಳೆ ಸುರಿಯಿತು. ಅಮ್ಮ ಹೊರಗೆ ಬರಲೇ ಇಲ್ಲ. ಅದರ ಮರುದಿನ ಮತ್ತೆ ಕೂತಳು. ಹಡಗುಕಟ್ಟೆಯ ಸೈರನ್ನು ಕೂಗಿತು. ಅಪ್ಪ ಏಳು ಗಂಟೆಯ ಹಡಗಿಗೆಂದು ಆಗಲೇ ಸಮವಸ್ತ್ರ ತೊಟ್ಟು, ಗುಂಡಿಗಳನ್ನೆಲ್ಲ ಹಾಕಿ, ಒಂದು ಸಣ್ಣ ಮಣೆ ಹಿಡಿದು ಹೊರಗೆ ಬಂದ. ದರ್ಜಿ ಡಬ್ಬಿ ಕೊಂಡೊಯ್ದು ಕೊಟ್ಟ. ಅಪ್ಪ ಅಮ್ಮನ ಎದುರು ಮಣೆಯ ಮೇಲೆ ಕೂತು, ಅವಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳನ್ನು ನೀವತೊಡಗಿದ. ಗಂಟಿನ ಹತ್ತಿರ ಬಂದಾಗ ನಿಲ್ಲಿಸಿ ಉಸಿರು ಊದುತ್ತಿದ್ದ. ಅಮ್ಮ ಕಣ್ಣು ಮುಚ್ಚಿಕೊಂಡು ಏನೋ ಹಾಡು ಗುನುಗುತ್ತಿದ್ದಳು.

"ಎಷ್ಟು ದಿನದಿಂದ?" ಎಂದಳು ಮಗಳು.

"ಮೊದಲ ದಿನದಿಂದ್ಲೇ," ಎಂದಳು ವಕೀಲೆ, ದಾರ ಕಚ್ಚುತ್ತ. "ಅಜ್ಜಿಗೆ ತಾನೇ ಹಚ್ಕೊಳ್ಳೋಕೆ ಆಗುತ್ತಾ? ಬೆರಳು ಆಡಲ್ಲ ಅಂತ ಮುಲಾಮು, ಮುಲಾಮು ಹಚ್ಕೊಳ್ಳೋಕೆ ಬೆರಳು ಆಡ್ಬೇಕು."

"ನೌಕರರು ಮುಟ್ಟಬಹುದಾ?"

"ಕೇಂದ್ರದ ನೌಕರರು ಎಲ್ಲೂ ಮುಟ್ಟೋ ಹಾಗಿಲ್ಲಮ್ಮ. ಡ್ಯೂಟಿ ಮೇಲಿದ್ರೂ ಇಲ್ಲದಿದ್ರೂ, ಯಾವ ದಡದಲ್ಲಾದ್ರೂ. ಇಟ್ಕೊಳ್ಳೋದು, ಮುಟ್ಟೋದು, ಬೇರೆಯೋರಿಗೆ ಹಚ್ಚೋದು, ಎಲ್ಲ ಒಂದೇ ಕಲಂ." ಅಷ್ಟು ಹೇಳಿದವಳು ತಲೆಯೆತ್ತಿ ತಾಯಿಯ ಮುಖ ನೋಡಿದಳು. ಕೈಯಲ್ಲಿದ್ದ ಸೂಜಿ ನಿಂತಿತು. "ಯಾಕೆ ಕೇಳ್ತಿದೀಯ?"

ಮಗಳು ಆ ಬೆರಳುಗಳನ್ನೇ ನೋಡುತ್ತಿದ್ದಳು. ಅಪ್ಪನ ಕೈಗೆ ಇಷ್ಟು ಮೆತ್ತಗಿರಲು ಬರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅದನ್ನು ನೋಡಿ ಕರಗಿ ಹೋಗುತ್ತಿದ್ದರೇನೋ. ಅವಳು ಕರಗಲಿಲ್ಲ. ಅದೇ ಕೈನೋವು, ಅದೇ ಡಬ್ಬಿ. ತಂದುಕೊಟ್ಟವನು ಕಂಬಿಯ ಹಿಂದೆ, ಹಿಡಿದುಕೊಟ್ಟವನು ಬೀದಿಯಲ್ಲಿ ಕೂತು ಬೆರಳಿಗೆ ಊದುತ್ತಿದ್ದಾನೆ. ಆಮೇಲೆ ಎದ್ದು, ನೀರಿನಿಂದ ಕೈ ತೊಳೆದು, ತೋಳಿನ ಪಟ್ಟಿಗೆ ಹತ್ತಿದ್ದನ್ನು ಹಾಗೇ ಹೊತ್ತುಕೊಂಡು, ಆ ನಾನೂರ ಹನ್ನೆರಡು ಹೆಜ್ಜೆಯ ಮೇಲೆಯೇ ನಡೆದು ಹೋಗುತ್ತಿದ್ದಾನೆ.

ಅವತ್ತಿನಿಂದ ಅವಳು ಲಾಂಡ್ರಿಯ ಒಂದು ಹಳೆಯ ನೋಟು ಪುಸ್ತಕದಲ್ಲಿ ಬರೆದಿಡಲು ಶುರು ಮಾಡಿದಳು. ದಿನ, ಹೊತ್ತು, ಯಾವ ಕೈ ಮೊದಲು, ಎಷ್ಟು ಹೊತ್ತಿಗೆ ಸೇತುವೆ ಹತ್ತಿದ. ಅಕ್ಷರ ದುಂಡಗೆ ಬರುತ್ತಿತ್ತು. ಬಾಲ್ಯದಲ್ಲಿ ಅಕ್ಷರ ತಿದ್ದಿಸಿದ್ದು ಅಪ್ಪನೇ.

ವಕೀಲೆಗೆ ನೋಟು ಪುಸ್ತಕ ಸಿಕ್ಕಿತು. ಬೆಳಿಗ್ಗೆ, ಚಹಾ ಸೋಸುತ್ತಿದ್ದ ತಾಯಿಯ ಮುಂದೆ ಅದನ್ನು ಇಟ್ಟಳು.

"ಇದೇನಮ್ಮ?"

"ಓದು. ನೀನು ವಕೀಲೆ ತಾನೇ."

"ಇದನ್ನ ಕಳಿಸಿದ್ರೆ ತಾತನ ಪಿಂಚಣಿ ಹೋಗುತ್ತೆ. ಅಜ್ಜಿ ಏನು ತಿಂತಾಳೆ?"

"ನಾನು ಇಸ್ತ್ರಿ ಮಾಡಿದ್ದನ್ನ ತಿಂತಾಳೆ. ಇಪ್ಪತ್ತು ತಿಂಗಳಿಂದ ನೀನೂ ನಾನೂ ಅದನ್ನೇ ತಿಂತಿಲ್ವಾ?"

"ಅಪ್ಪ ಕೇಳಿದ್ರೆ ಏನಂತಾರೆ?"

"ನಿಮ್ಮಪ್ಪ ಕೇಳೋಕೆ ಇಲ್ಲಿದಾರಾ? ಇದ್ದಿದ್ರೆ ಕೇಳ್ತಿದ್ದೆ."

"ಅಮ್ಮ, ಇದನ್ನ ತೋರಿಸಿ ತಾತನ್ನ ಹೆದರಿಸು. ಸಹಿ ಹಾಕ್ತಾನೆ. ಅಷ್ಟೇ ಸಾಕು. ಕಳಿಸ್ಬೇಡ."

ಮಗಳು ಚಹಾದ ಲೋಟವನ್ನು ಅವಳ ಮುಂದೆ ಕುಕ್ಕಿದಳು. "ಕುಡಿ. ಆರಿ ಹೋಗುತ್ತೆ."

ವಿಚಾರಣೆಗೆ ಎಂಟು ದಿನ ಇರುವಾಗ ಮಗಳು ಊಟದ ಮೇಜನ್ನು ಬೇಗ ಒರೆಸಿದಳು. ಅಪ್ಪ ಸೇತುವೆಯಿಂದ ಬಂದು ಕೈತೊಳೆದು ಕೂತ. ತಟ್ಟೆ ಇರಬೇಕಾದ ಜಾಗದಲ್ಲಿ ಎರಡು ಕಾಗದ ಇಟ್ಟಿದ್ದಳು.

"ಊಟ?" ಎಂದ ಅಪ್ಪ.

"ಆಮೇಲೆ. ಮೊದಲು ಇದು." "ಎಡಗಡೆದು ವಕೀಲರು ಬರೆಸಿದ ಹೇಳಿಕೆ. ಬಲಗಡೆದು ನಾನು ಬರೆದದ್ದು, ನಿಮ್ಮ ಇಲಾಖೆಗೆ. ಎಡಗಡೆದಕ್ಕೆ ಸಹಿ ಹಾಕಿ. ಇಲ್ಲಾಂದ್ರೆ ಬಲಗಡೆದು ಬೆಳಿಗ್ಗೆ ಟಪಾಲಿಗೆ ಹೋಗುತ್ತೆ."

"ಏನೇ ಅದು?" ಎಂದಳು ಅಮ್ಮ.

ಅಪ್ಪ ಕನ್ನಡಕ ಹಾಕಿಕೊಂಡು ಎಡಗಡೆಯದನ್ನು ಓದಿದ. ಆಮೇಲೆ ಬಲಗಡೆಯದನ್ನು ಓದಿದ. ಅದನ್ನು ಎರಡು ಸಲ ಓದಿದ. ಒಲೆಯ ಮೇಲೆ ಬೇಳೆ ಕೊತಕೊತ ಕುದಿಯುತ್ತಿತ್ತು. ಮಗಳು ಕಾದಳು. ಅವನು ಎದ್ದು ಕೂಗಾಡಲಿ, ಅಥವಾ ಒಂದೇ ಒಂದು ಸಲ 'ಬೇಡ ಮಗಳೇ' ಎನ್ನಲಿ. ಇಪ್ಪತ್ತು ತಿಂಗಳಿಂದ ಅವಳು ಬೇಡಿಕೊಂಡದ್ದನ್ನು ಅವನು ಒಂದು ಸಲ ಬೇಡಿಕೊಳ್ಳಲಿ.

"ಪೆನ್ನು," ಎಂದ ಅಪ್ಪ.

ವಕೀಲೆ ಕೊಟ್ಟಳು. ಅವನು ಎಡಗಡೆಯ ಕಾಗದಕ್ಕೆ ಸಹಿ ಹಾಕಿದ. ವಕೀಲೆ ಉಸಿರು ಬಿಟ್ಟಳು. ಅಪ್ಪ ಪೆನ್ನನ್ನು ಕೆಳಗಿಡಲಿಲ್ಲ. ಬಲಗಡೆಯ ಕಾಗದವನ್ನು ಎಳೆದುಕೊಂಡ.

"ದಿನಾ ಅಂತ ಬರೆದಿದೀಯ. ಮಂಗಳವಾರ ಮಳೆ. ನಿಮ್ಮಮ್ಮ ಹೊರಗೆ ಕೂರಲೇ ಇಲ್ಲ. ಮಂಗಳವಾರ ಬಿಟ್ಟು." ಗೆರೆ ಎಳೆದು, ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದ. "ಆರು ಗಂಟೆ ಅಲ್ಲ. ಸೈರನ್ ಆಗೋದು ಆರೂ ಹದಿನೈದಕ್ಕೆ." ಮತ್ತೆ ತಿದ್ದಿದ. ಕೊನೆಯಲ್ಲಿ, 'ಮೇಲ್ಕಂಡದ್ದು ನಿಜ' ಎಂದು ತಾನೇ ಸೇರಿಸಿ, ಅದರ ಕೆಳಗೂ ಪೂರ್ತಿ ಸಹಿ ಹಾಕಿ, ತಾರೀಖು ಬರೆದ.

"ತಾತ! ನಿನಗೇನಾದ್ರೂ ತಲೆ ಕೆಟ್ಟಿದೆಯಾ?" ವಕೀಲೆ ಕಿರುಚಿದಳು.

"ನಿಜ ಬರೆದಿದಾಳೆ. ನಿಜಕ್ಕೆ ಸಹಿ ಹಾಕ್ದೆ." ಎರಡೂ ಕಾಗದವನ್ನು ಮಗಳ ಕಡೆಗೆ ತಳ್ಳಿದ. "ಯಾವುದನ್ನ ಹಾಕ್ತೀಯೋ ನಿನಗೆ ಬಿಟ್ಟಿದ್ದು. ಈಗ ಊಟ ಹಾಕು."

ಅಮ್ಮ ತನ್ನ ಮಡಿಚಿದ ಕೈಯನ್ನು ಮೇಜಿನ ಮೇಲೆ ಚಾಚಿ ಮಗಳ ಮೊಣಕೈ ಮುಟ್ಟಿದಳು. "ನನ್ನ ತಾಯೀ, ನಿನಗೆ ಬೇಕಾದ್ದು ಸಿಕ್ತಲ್ಲ. ಇನ್ನೊಂದನ್ನ ಒಲೆಗೆ ಹಾಕೇ. ನನಗೋಸ್ಕರ ಹಾಕೇ."

"ಅವತ್ತು ನನ್ನ ಗಂಡ ನಿನಗೋಸ್ಕರ ತಂದಿದ್ದು ಅಂತ ಯಾರಾದ್ರೂ ಅಂದ್ರಾ?"

ಅವಳು ಬೇಳೆ ಬಡಿಸಿದಳು. ಎಲ್ಲರಿಗಿಂತ ಮೊದಲು ಅಪ್ಪನಿಗೇ ಬಡಿಸಿದಳು. ಅವನು ಎಂದಿನಂತೆ ಊಟ ಮಾಡಿದ, ಎಂದಿನಂತೆ ಎರಡು ರೊಟ್ಟಿ. ಅದೇ ಅವಳಿಗೆ ತಡೆಯಲಾಗಲಿಲ್ಲ. ಕೊನೆಗೂ ಅವನನ್ನು ಮಂಡಿಯೂರಿಸಿದೆ ಎಂದುಕೊಂಡರೆ, ಅವನು ಅವಳ ಕಾಗದವನ್ನೂ ತನ್ನ ಡ್ಯೂಟಿ ಪುಸ್ತಕ ಮಾಡಿಕೊಂಡು ಎದ್ದು ಹೋದ.

ಬೆಳಿಗ್ಗೆ ಲಾಂಡ್ರಿಗೆ ಹೋಗುವ ದಾರಿಯಲ್ಲಿ ಟಪಾಲು ಪೆಟ್ಟಿಗೆ ಸಿಗುತ್ತಿತ್ತು. ಗಾಂಜಾ ಅಂಗಡಿಯವನು ಬಾಗಿಲ ಮುಂದೆ ಗುಡಿಸುತ್ತಿದ್ದ. ಅವಳು ವಕೀಲರ ಹೆಸರಿನ ಲಕೋಟೆಯನ್ನು ಹಾಕಿದಳು. ಅದು ಒಳಗೆ ಬಿದ್ದ ಸದ್ದು ಕೇಳಿಸಿತು. ಎರಡನೆಯದನ್ನು ಬಾಯಲ್ಲಿ ಅರ್ಧ ತೂರಿಸಿ, ಒಂದು ಗಳಿಗೆ ಬೆರಳಲ್ಲಿ ಹಿಡಿದುಕೊಂಡು ನಿಂತಳು. ಅಂಗಡಿಯವನು ಗುಡಿಸುವುದನ್ನು ನಿಲ್ಲಿಸಿ, "ಸಿಕ್ಕಾಕ್ಕೊಂಡಿದೆಯಾ ಅಮ್ಮ? ತಳ್ಳಿ," ಎಂದ.

ಅವಳು ತಳ್ಳಿದಳು.

ಇಲಾಖೆಯವರು ಬಂದದ್ದು ನಾಲ್ಕನೆಯ ದಿನ. ಈ ನಾಲ್ಕು ದಿನವೂ ಅಪ್ಪ ಸೈರನ್ನಿಗೆ ಸರಿಯಾಗಿ ಮಣೆ ಹಿಡಿದು ಹೊರಗೆ ಬಂದು ಅಮ್ಮನ ಕೈ ನೀವಿದ್ದ. ಒಂದು ದಿನವನ್ನೂ ಬಿಟ್ಟಿರಲಿಲ್ಲ. ಅವತ್ತು ಅವನು ಸೇತುವೆ ಹತ್ತಿದ ಸ್ವಲ್ಪ ಹೊತ್ತಿಗೆ ಏಳರ ಹಡಗು ಬಂದು ಕೂಗಿತು. ಸೇತುವೆ ಏಳಲಿಲ್ಲ. ಹಡಗು ಮತ್ತೆ ಕೂಗಿತು. ಬೀದಿಯಲ್ಲಿದ್ದವರು ಕೈಗಡಿಯಾರ ನೋಡಿಕೊಂಡರು. ಬೀಗದವನು ತನ್ನ ಗಡಿಯಾರ ಕೆಟ್ಟಿದೆಯೆಂದು ಕಿವಿಗಿಟ್ಟುಕೊಂಡ. ನಡುಸೇತುವೆಯ ಗೂಡಿನಲ್ಲಿ ಇಬ್ಬರು ಅಧಿಕಾರಿಗಳು ಅಪ್ಪನ ಅಂಗೈಗೆ, ಬೆರಳ ಸಂದಿಗೆ, ತೋಳಿನ ಪಟ್ಟಿಗೆ ಗಾಂಜಾ ಪತ್ತೆ ಹಚ್ಚುವ ಕಾಗದದ ಪಟ್ಟಿಗಳನ್ನು ಒತ್ತಿ ನೋಡುತ್ತಿದ್ದರು. ಪಟ್ಟಿಗಳು ನೀಲಿಯಾದವು. ಅಪ್ಪ ಅವರಿಂದ ಅಪ್ಪಣೆ ಕೇಳಿ ಹಡಗನ್ನು ದಾಟಿಸಿದನಂತೆ. ಹನ್ನೊಂದು ನಿಮಿಷ ತಡವಾಗಿತ್ತು. ಅದನ್ನೂ ಪುಸ್ತಕದಲ್ಲಿ ತಾನೇ ಬರೆದು, ಕೀಲಿಕೈ ಅವರ ಕೈಗಿಟ್ಟು ಇಳಿದು ಬಂದ.

ಮಗಳು ಕಿಟಕಿಯಲ್ಲಿ ನಿಂತು ಹಡಗಿನ ಕೂಗನ್ನು ಮೂರು ಸಲ ಕೇಳಿದಳು. ಮೂರು ಸಲವೂ ಅವಳಿಗೆ ಹಿಗ್ಗಾಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ.

ಹತ್ತು ದಿನದಲ್ಲಿ ಕ್ವಾರ್ಟರ್ಸ್ ಖಾಲಿ ಮಾಡಲು ಆದೇಶ ಬಂತು. ಪಿಂಚಣಿಯಲ್ಲಿ ಮುಕ್ಕಾಲು ಭಾಗ ಕಡಿತ ಎಂದು ಬಂತು. ವಿಚಾರಣೆಯೂ ನಡೆಯಿತು. ವಕೀಲರ ಮಾತಿನಂತೆಯೇ ಬಿಡುಗಡೆಯಾಯಿತು. ಗಾಂಜಾ ಅಂಗಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಬೇರೆ ಯಾರೂ ಅಲ್ಲಿಗೆ ಬರಲು ಒಪ್ಪದ್ದರಿಂದ ಕಡಿಮೆಗೇ ಸಿಕ್ಕಿತು. ವಕೀಲೆ ತಾಯಿಯೊಂದಿಗೆ ಮಾತು ಬಿಟ್ಟಿದ್ದಳು. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದಳು: "ಉಪ್ಪು ಮುಗಿದಿದೆಯಂತೆ." ಗೋಡೆಯ ಪರವಾಗಿ ಅಮ್ಮ ಉತ್ತರ ಕೊಡುತ್ತಿದ್ದಳು.

ಗಂಡ ಬಂದದ್ದು ಭಾನುವಾರ ಮಧ್ಯಾಹ್ನ. ಸೇತುವೆಯ ಮೇಲೆ ನಡೆದೇ ಬಂದ, ಎರಡೂ ಕೈ ಬೀಸಿಕೊಂಡು. ನಡುವಿನ ಗೂಡಿನಲ್ಲಿ ಯಾರೋ ಹೊಸಬ ಕೂತಿದ್ದನ್ನು ನೋಡಿ ಅವನಿಗೆ ಆಶ್ಚರ್ಯವಾಗಿತ್ತು. ಮೆಟ್ಟಿಲು ಹತ್ತಿ ಬಂದವನು ಮೊದಲು ವಕೀಲೆಯ ತಲೆ ಸವರಿದ, ಹೆಂಡತಿಯನ್ನು ನೋಡಿ ನಕ್ಕ. ಸೊರಗಿದ್ದ. ಹಲ್ಲು ಮಾತ್ರ ಹಾಗೇ ಇದ್ದವು.

ಎಲ್ಲರೂ ಊಟಕ್ಕೆ ಕೂತರು. ಮೇಜು ಸಣ್ಣದು, ಮೊಣಕೈಗೆ ಮೊಣಕೈ ತಾಗುತ್ತಿತ್ತು. ಸಮವಸ್ತ್ರವಿಲ್ಲದ ಅಪ್ಪ ಮಾಸಲು ಸ್ವೆಟರಿನಲ್ಲಿ ಯಾರದೋ ಮನೆಯ ನೆಂಟನ ಹಾಗೆ ಕಂಡ.

"ಮಾವ, ರಿಟೈರ್ ಆದ್ರಾ?" ಎಂದ ಗಂಡ. "ಇನ್ನೂ ಮೂರು ದಿನ ಇತ್ತಲ್ಲ."

"ತಾತ ರಿಟೈರ್ ಆಗ್ಲಿಲ್ಲ ಅಪ್ಪ, ತೆಗೆದ್ರು," ಎಂದಳು ವಕೀಲೆ. ಆಮೇಲೆ ಎಲ್ಲವನ್ನೂ ಹೇಳಿದಳು. ಕುರ್ಚಿ, ಮುಲಾಮು, ತೋಳಿನ ಪಟ್ಟಿ, ಎರಡು ಕಾಗದ. ಅಡ್ಡ ಬಾಯಿ ಹಾಕುವವರಿಲ್ಲದೆ ಒಂದೇ ಉಸಿರಿನಲ್ಲಿ ಹೇಳಿದಳು.

ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನಿಗಿಂತ ಹೆಚ್ಚು ದ್ವೇಷ ಮಾಡುವ ಹಕ್ಕು ಯಾರಿಗೂ ಇರಲಿಲ್ಲ. ಆದರೆ ಅವನ ಮುಖದಲ್ಲಿ ಇದ್ದದ್ದು ಆಯಾಸ ಮಾತ್ರ.

"ಮೊದಲನೇ ಕಾಗದ ಸಾಕಾಗಿತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ಸಾಕಾಗಿತ್ತು."

"ನಾನು ಬರೋದಕ್ಕೆ ಅದೊಂದೇ ಸಾಕಾಗಿತ್ತು ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ವಕೀಲರು ಹೇಳಿದ್ರು."

"ಮತ್ತೆ ಎರಡನೇದನ್ನ ಯಾಕೆ ಹಾಕಿದೆ?"

ಇಪ್ಪತ್ತು ತಿಂಗಳು ಎಂದು ಹೇಳಬಹುದಿತ್ತು, ನಿಮಗೋಸ್ಕರ ಎಂದು ಹೇಳಬಹುದಿತ್ತು. ಅವಳು ಆಲೂಗಡ್ಡೆಯನ್ನು ಚಮಚದಲ್ಲಿ ಸರಿಯಾಗಿ ಎರಡು ಹೋಳು ಮಾಡಿದಳು.

"ಎರಡಕ್ಕೂ ಸಹಿ ಇತ್ತು," ಎಂದಳು.

ಮೇಜಿನ ಸುತ್ತ ಕೂತಿದ್ದವರೆಲ್ಲ ಒಮ್ಮೆಗೇ ತಲೆಯೆತ್ತಿ ನೋಡಿದರು. ಅವಳನ್ನಲ್ಲ, ಅಪ್ಪನನ್ನು.